ಅಲೆಕ್ಸಾಂಡರ್ ಡಫ್: ಮೇಷ್ಟರೋ, ಮತಪ್ರಚಾರಕರೋ?

ಪ್ರಶ್ನೆ: ನಾನು ಧಾರವಾಡ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಗಳು ಬಿ.ಎಡ್. ಓದುತ್ತಿದ್ದಾಳೆ. ಸೆಮಿನಾರಿಗೆ ಅವಳಿಗೆ ಅಲೆಕ್ಸಾಂಡರ್ ಡಫ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯ ಬದುಕು ಮತ್ತು ಶೈಕ್ಷಣಿಕ ಕೊಡುಗೆ ಎಂಬ ವಿಷಯ ಬಂದಿದೆ. ಈ ಸುದ್ದಿ ಮನೆಯಲ್ಲಿ ಹೇಳಿದ್ದೇ ತಡ, ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಸಂದೇಶಗಳು ಶುರುವಾದವು. ಡಫ್ ಮೆಕಾಲೆಯ ಗುರು, ನಮ್ಮ ಗುರುಕುಲಗಳನ್ನು ನಾಶ ಮಾಡಿದವರು, ಶಾಲೆ ಎಂಬುದು ಬರೀ ಮತಾಂತರದ ಬಲೆ ಎಂದು ಒಬ್ಬರು. ಅವರಿಲ್ಲದಿದ್ದರೆ ಭಾರತಕ್ಕೆ ವಿಜ್ಞಾನವೇ ಬರುತ್ತಿರಲಿಲ್ಲ ಎಂದು ಇನ್ನೊಬ್ಬರು. ಧರ್ಮದ ಭಾಗ ಬಿಟ್ಟು ಬರೀ ಶಿಕ್ಷಣದ ಭಾಗ ಬರೆದರೆ ಸಾಕಲ್ಲವೇ ಎಂದು ಮಗಳು ಕೇಳುತ್ತಾಳೆ. ಈ ಪ್ರೆಸ್ಬಿಟೇರಿಯನ್ನರು ಮತ್ತು ನಮ್ಮೂರಿನ ಬಾಸೆಲ್ ಮಿಷನ್ ಒಂದೇ ಏನು ಎಂಬುದೂ ಗೊತ್ತಾಗಲಿಲ್ಲ. ಅವರು ಕಟ್ಟಿದ ಕಾಲೇಜು ಈಗಲೂ ಇದೆಯೇ? ದಯವಿಟ್ಟು ತಿಳಿಸಿ.

ಉತ್ತರ:

ನಿಮ್ಮ ಆತಂಕ ನನಗೆ ಹೊಸದಲ್ಲ. ಶಿಕ್ಷಣದ ಇತಿಹಾಸ ಪಾಠ ಮಾಡುವವರ ಮೇಜಿಗೆ ಡಫ್ ಬಗ್ಗೆ ಎರಡೇ ಬಗೆಯ ಪ್ರಬಂಧ ಬರುತ್ತವೆ. ಒಂದರಲ್ಲಿ ಅವರು ಮಹಾಪುರುಷ, ಇನ್ನೊಂದರಲ್ಲಿ ಮಹಾ ಸಂಚುಗಾರ. ಎರಡರಲ್ಲೂ ಅವರ ಶಾಲೆಯ ಬೆಂಚಿನ ಮೇಲೆ ಕೂತಿದ್ದ ಹುಡುಗರು ಕಾಣಿಸುವುದಿಲ್ಲ. ನನ್ನ ಸಲಹೆಯೆಲ್ಲ ಆ ಹುಡುಗರ ಸುತ್ತಲೇ ಇದೆ. ಮೊದಲು ಬಂಧುಗಳ ಸಂದೇಶಗಳನ್ನು ವಿಲೇವಾರಿ ಮಾಡಿಬಿಡೋಣ.

ಡಫ್ ಮೆಕಾಲೆಯ ಗುರು ಎಂಬ ಮಾತಿಗೆ ತಾರೀಖುಗಳೇ ಉತ್ತರ. ಡಫ್ ಕಲ್ಕತ್ತಾಕ್ಕೆ ಬಂದದ್ದು 1830ರ ಮೇ ತಿಂಗಳಲ್ಲಿ. ಆಮಶಂಕೆಯಿಂದ ಹಾಸಿಗೆ ಹಿಡಿದು ಊರಿಗೆ ಹಡಗು ಹತ್ತಿದ್ದು 1834ರ ಮಧ್ಯದಲ್ಲಿ. ಮೆಕಾಲೆ ಮದರಾಸಿನಲ್ಲಿ ಇಳಿದದ್ದು ಅದೇ ವರ್ಷದ ಜೂನ್‌ನಲ್ಲಿ. ಅಲ್ಲಿಂದ ನಮ್ಮ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾದು ಉದಕಮಂಡಲಕ್ಕೆ ಹೋಗಿ ಗವರ್ನರ್ ಜನರಲ್ ಬೆಂಟಿಂಕ್ ಅವರನ್ನು ಕಂಡು, ಕಲ್ಕತ್ತಾ ಮುಟ್ಟುವ ಹೊತ್ತಿಗೆ ಡಫ್ ಅಲ್ಲಿರಲಿಲ್ಲ. ಡಫ್ ಮರಳಿ ಬಂದ 1840ರಲ್ಲಿ ಮೆಕಾಲೆ ಭಾರತ ಬಿಟ್ಟು ಎರಡು ವರ್ಷವಾಗಿತ್ತು. ಅಂದರೆ ಇಂಗ್ಲಿಷ್ ಶಿಕ್ಷಣದ ಪರವಾಗಿ ಮೆಕಾಲೆ 1835ರ ಫೆಬ್ರವರಿ 2ರ ಆ ಪ್ರಸಿದ್ಧ ಟಿಪ್ಪಣಿ ಬರೆಯುವಾಗ ಪಕ್ಕದಲ್ಲಿ ಕೂತು ಹೇಳಿಕೊಡಲು ಡಫ್ ಆ ಊರಿನಲ್ಲೇ ಇರಲಿಲ್ಲ.

ಹಾಗೆಂದು ಇಬ್ಬರಿಗೂ ಸಂಬಂಧವೇ ಇಲ್ಲ ಎಂದರೆ ಅದೂ ತಪ್ಪಾಗುತ್ತದೆ. ಮೆಕಾಲೆಯ ಭಾವಮೈದುನ ಚಾರ್ಲ್ಸ್ ಟ್ರೆವೆಲಿಯನ್ ಡಫ್ ಅವರಿಗೆ ಚೆನ್ನಾಗಿ ಪರಿಚಯದವರು. ಇಂಗ್ಲಿಷ್ ಕಲಿಯಲು ಹುಡುಗರು ಮುಗಿಬೀಳುತ್ತಾರೆ ಎಂಬುದಕ್ಕೆ ಡಫ್ ಶಾಲೆ ಕಣ್ಣೆದುರಿನ ಸಾಕ್ಷಿಯಾಗಿತ್ತು. ಸರಕಾರದ ತೀರ್ಮಾನ ಹೊರಬಿದ್ದ ಮೇಲೆ ಡಫ್ ಅದನ್ನು ಹೊಸ ಯುಗವೆಂದೇ ಕೊಂಡಾಡಿದರು. ಆದರೆ ಸರಕಾರಿ ಕಾಲೇಜುಗಳಲ್ಲಿ ಬೈಬಲ್ ಇಲ್ಲದ್ದು ಅವರಿಗೆ ಕೊನೆಯವರೆಗೂ ಸಹಿಸದ ಸಂಗತಿ. ಮೆಕಾಲೆಗೆ ಅದರ ಚಿಂತೆ ಇರಲಿಲ್ಲ. ಇಬ್ಬರೂ ಒಂದೇ ಬಂಡಿಯಲ್ಲಿ ಕೂತಿದ್ದರು, ಇಳಿಯಬೇಕಾದ ಊರು ಬೇರೆ ಬೇರೆ.

ಭಾರತದ ಉದ್ದಗಲ ಸುತ್ತಿದೆ, ಒಬ್ಬ ಭಿಕ್ಷುಕನನ್ನೂ ಕಳ್ಳನನ್ನೂ ಕಾಣಲಿಲ್ಲ ಎಂದು ಮೆಕಾಲೆ ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದರೆಂಬ ಸಾಲುಗಳೂ ನಿಮ್ಮ ಗುಂಪಿಗೆ ಬಂದೇ ಬರುತ್ತವೆ, ಬಂದಿರಲಿಕ್ಕೂ ಸಾಕು. ಅದರ ಕೆಳಗೆ ನಮೂದಾಗುವ ದಿನ ಇದೇ 1835ರ ಫೆಬ್ರವರಿ 2. ಆ ದಿನ ಅವರಿದ್ದದ್ದು ಕಲ್ಕತ್ತಾದಲ್ಲಿ. ಅವರು ನಿಜವಾಗಿ ಬರೆದ ಟಿಪ್ಪಣಿಯಲ್ಲಿ ಆ ಸಾಲುಗಳಿಲ್ಲ. ಅಲ್ಲಿರುವುದು, ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದು ಕಪಾಟು ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯಕ್ಕೆ ಸಮ ಎಂಬ ದರ್ಪದ ಮಾತು. ಸಿಟ್ಟು ಬರಲು ಅದೇ ಸಾಕು, ಖೋಟಾ ಮಾತಿನ ಅಗತ್ಯವಿಲ್ಲ.

ಗುರುಕುಲಗಳ ವಿಷಯ ಸ್ವಲ್ಪ ಗಂಭೀರವಾದದ್ದು. ಬಂಗಾಳ, ಬಿಹಾರಗಳ ಊರಶಾಲೆಗಳನ್ನು 1835ರಿಂದ 1838ರವರೆಗೆ ವಿಲಿಯಂ ಆಡಮ್ ಎಂಬವರು ಸಮೀಕ್ಷೆ ಮಾಡಿದರು. ಪಾಠಶಾಲೆ, ಟೋಲು ಎಂಬ ಸಂಸ್ಕೃತ ಶಾಲೆ, ಮದರಸಾ ಎಲ್ಲವೂ ಅವರ ವರದಿಗಳಲ್ಲಿವೆ. ಇರುವ ಶಾಲೆಗಳನ್ನೇ ಬಲಪಡಿಸಿ ಎಂದು ಅವರು ಹೇಳಿದರು, ಸರಕಾರ ಕೇಳಲಿಲ್ಲ. ಮೇಲಿನ ವರ್ಗದ ಕೆಲವರಿಗೆ ಇಂಗ್ಲಿಷ್ ಕಲಿಸಿದರೆ ಅದು ಕೆಳಗೆ ಇಳಿಯುತ್ತದೆ ಎಂಬ ಲೆಕ್ಕಾಚಾರ ಗೆದ್ದಿತು. ಊರಶಾಲೆಗಳು ಸೊರಗಿದ್ದಕ್ಕೆ ಈ ಉಪೇಕ್ಷೆ ಒಂದು ದೊಡ್ಡ ಕಾರಣ. ಆ ಲೆಕ್ಕಾಚಾರದ ಪರವಾಗಿ ಗಟ್ಟಿಯಾಗಿ ಮಾತಾಡಿದವರಲ್ಲಿ ಡಫ್ ಒಬ್ಬರು. ಅಷ್ಟು ಹೊಣೆ ಅವರ ಹೆಗಲ ಮೇಲಿದೆ. ಗುರುಕುಲಗಳನ್ನು ಮುಚ್ಚಿಸುವ ಅಧಿಕಾರ ಮಾತ್ರ ಅವರ ಕೈಯಲ್ಲಿ ಯಾವತ್ತೂ ಇರಲಿಲ್ಲ.

ಅವರಿಲ್ಲದಿದ್ದರೆ ವಿಜ್ಞಾನವೇ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ಟೊಳ್ಳು. ಕಲ್ಕತ್ತಾದ ಹಿಂದೂ ಕಾಲೇಜು ತೆರೆದದ್ದು 1817ರಲ್ಲಿ, ಊರಿನ ಹಿಂದೂ ಗಣ್ಯರೇ ದುಡ್ಡು ಹಾಕಿ. ರಾಜಾ ರಾಮಮೋಹನ ರಾಯರು 1823ರ ಡಿಸೆಂಬರ್‌ನಲ್ಲಿ ಗವರ್ನರ್ ಜನರಲ್ ಆಮ್ಹರ್ಸ್ಟ್ ಅವರಿಗೆ ಪತ್ರ ಬರೆದು, ಸಂಸ್ಕೃತ ಕಾಲೇಜಿಗೆ ಖರ್ಚು ಮಾಡುವ ಬದಲು ಗಣಿತ, ರಸಾಯನಶಾಸ್ತ್ರ, ಶರೀರಶಾಸ್ತ್ರ ಕಲಿಸಿ ಎಂದು ಕೇಳಿದ್ದರು. ಆಗ ಡಫ್ ಸ್ಕಾಟ್ಲೆಂಡಿನಲ್ಲಿ ಹದಿನೇಳರ ವಿದ್ಯಾರ್ಥಿ.

ಈಗ ಆ ವಿದ್ಯಾರ್ಥಿಯ ಕಥೆಗೆ ಬರೋಣ. ಒಬ್ಬ ಪಾದ್ರಿ ಶಾಲೆಯನ್ನೇ ಯಾಕೆ ಕಟ್ಟಿದ ಎಂಬುದಕ್ಕೆ ಉತ್ತರ ಅಲ್ಲಿದೆ. ಡಫ್ ಹುಟ್ಟಿದ್ದು 1806ರ ಏಪ್ರಿಲ್ 25ರಂದು, ಸ್ಕಾಟ್ಲೆಂಡಿನ ಪರ್ತ್‌ಷೈರ್ ಸೀಮೆಯ ಮೌಲಿನ್ ಹತ್ತಿರ. ಗುಡ್ಡಗಾಡಿನ ಊರು, ಮನೆಮಾತು ಗೇಲಿಕ್, ಬಡ ರೈತಾಪಿ ಕುಟುಂಬ. ಸ್ಕಾಟ್ಲೆಂಡಿನ ಚರ್ಚು ಪ್ರೆಸ್ಬಿಟೇರಿಯನ್ ಪದ್ಧತಿಯದು. ಅಲ್ಲಿ ಬಿಷಪ್ಪರಿಲ್ಲ. ಪಾದ್ರಿಗಳೂ ಸಭೆಯ ಹಿರಿಯರೂ ಜೊತೆಗೆ ಕೂತು ಆಡಳಿತ ನಡೆಸುತ್ತಾರೆ. ಜನಸಾಮಾನ್ಯ ಸ್ವತಃ ಬೈಬಲ್ ಓದಬೇಕು ಎಂಬುದು ಅವರ ನಂಬಿಕೆಯ ಬುಡ. ಓದಬೇಕಾದರೆ ಅಕ್ಷರ ಬರಬೇಕು. ಹಾಗಾಗಿ ಪ್ರತಿ ಪ್ಯಾರಿಷ್‌ಗೂ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೂ, ಒಂದು ಶಾಲೆ ಎಂಬ ಕನಸನ್ನು ಅವರು 1560ರಷ್ಟು ಹಿಂದೆಯೇ ಕಂಡರು, 1696ರಲ್ಲಿ ಅದು ಕಾನೂನೂ ಆಯಿತು. ರೈತನ ಮಗ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಥಾಮಸ್ ಚಾಲ್ಮರ್ಸ್ ಅವರಂಥ ಗುರುವಿನ ಕೈಯಲ್ಲಿ ಪಳಗಿದ್ದು ಇದೇ ವ್ಯವಸ್ಥೆಯಿಂದ. ಹಳ್ಳಿಯ ಗೇಲಿಕ್‌ನಿಂದ ಇಂಗ್ಲಿಷಿಗೆ ದಾಟಿದ್ದರಿಂದ ತನಗೆ ಲೋಕ ತೆರೆಯಿತು, ಬಂಗಾಳದ ಹುಡುಗನಿಗೂ ಹಾಗೇ ತೆರೆಯುತ್ತದೆ ಎಂದು ಅವರಿಗೆ ಅನಿಸಿರಬೇಕು. ಇದು ನನ್ನ ಊಹೆ, ಮಗಳು ಊಹೆಯೆಂದೇ ಬರೆಯಲಿ.

1829ರಲ್ಲಿ ಪಾದ್ರಿ ದೀಕ್ಷೆ, ಮದುವೆ, ಭಾರತದ ಹಡಗು, ಎಲ್ಲವೂ ಒಂದೇ ವರ್ಷ. ಸ್ಕಾಟ್ಲೆಂಡಿನ ಚರ್ಚು ಅಧಿಕೃತವಾಗಿ ಭಾರತಕ್ಕೆ ಕಳಿಸಿದ ಮೊದಲ ಮಿಷನರಿ ಅವರು. ಹಡಗು ದಕ್ಷಿಣ ಆಫ್ರಿಕಾದ ಕೇಪ್ ಬಳಿ ಒಡೆಯಿತು. ಜೀವ ಉಳಿಯಿತು, ಎಂಟುನೂರರಷ್ಟು ಪುಸ್ತಕಗಳು ಸಮುದ್ರ ಸೇರಿದವು. ದಡಕ್ಕೆ ತೇಲಿ ಬಂದದ್ದು ಬೈಬಲ್ ಮತ್ತು ಕೀರ್ತನೆಗಳ ಪುಸ್ತಕ. ಇನ್ನೊಂದು ಹಡಗು ಹತ್ತಿದರು, ಅದೂ ಗಂಗೆಯ ಮುಖದಲ್ಲಿ ಸಿಕ್ಕಿಬಿತ್ತು. ಸೆಮಿನಾರಿನಲ್ಲಿ ಈ ಭಾಗಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ ಎಂದು ಮಗಳಿಗೆ ಹೇಳಿ. ಕೇಳುಗರು ಇದನ್ನೇ ನೆನಪಿಟ್ಟುಕೊಂಡು ಉಳಿದದ್ದನ್ನು ಮರೆಯುತ್ತಾರೆ.

ಶಾಲೆ ಕಲ್ಕತ್ತಾ ನಗರದಲ್ಲಿ ಬೇಡ ಎಂದು ಚರ್ಚು ಹೇಳಿ ಕಳಿಸಿತ್ತು. ಡಫ್ ಅದನ್ನು ಮೀರಿ ನಗರದಲ್ಲೇ ತೆರೆದರು. ಜಾಗ ಕೊಡಿಸಿದವರು ಯಾರು? ರಾಮಮೋಹನ ರಾಯರು. ಚಿತ್ಪುರ ರಸ್ತೆಯಲ್ಲಿ ಅವರದೇ ಬ್ರಹ್ಮ ಸಭೆ (ಮುಂದಿನ ಬ್ರಹ್ಮ ಸಮಾಜ) ಸೇರುತ್ತಿದ್ದ ಮನೆಯನ್ನು ಬಾಡಿಗೆಗೆ ಕೊಡಿಸಿ, ಮೊದಲ ಐವರು ಹುಡುಗರನ್ನೂ ಹುಡುಕಿಕೊಟ್ಟರು. 1830ರ ಜುಲೈ 13ರಂದು ಶಾಲೆ ಶುರುವಾಯಿತು. ಬೈಬಲ್ ಕೈಗೆ ಬಂದಾಗ ಹುಡುಗರು ಗೊಣಗಿದರು. ಆಗ ರಾಯರೇ ಎದ್ದು ಸಮಾಧಾನ ಹೇಳಿದರು: ಸಂಸ್ಕೃತ ವಿದ್ವಾಂಸ ವಿಲ್ಸನ್ ಸಾಹೇಬರು ನಮ್ಮ ಶಾಸ್ತ್ರಗಳನ್ನೆಲ್ಲ ಓದಿದರು, ಹಿಂದೂ ಆಗಲಿಲ್ಲ. ನಾನು ಕುರಾನ್ ಮತ್ತೆ ಮತ್ತೆ ಓದಿದೆ, ಮುಸಲ್ಮಾನನಾಗಲಿಲ್ಲ. ಬೈಬಲನ್ನೂ ಓದಿದೆ, ಕ್ರೈಸ್ತನಾಗಲಿಲ್ಲ. ಓದಿ, ನೀವೇ ತೂಗಿ ನೋಡಿ. ಇದು ಅವರ ಮಾತಿನ ಸಾರ. ಡಫ್ ಬಗೆಗಿನ ಎರಡೂ ಸರಳ ಕಥೆಗಳು ಈ ಒಂದು ಗಳಿಗೆಯಲ್ಲೇ ಮುರಿದುಬೀಳುತ್ತವೆ. ಬಲೆ ಎಂದು ಗೊತ್ತಿದ್ದೂ ರಾಯರು ಮಕ್ಕಳನ್ನು ಕಳಿಸಿದರು, ಯಾಕೆಂದರೆ ಮಕ್ಕಳಿಗೆ ಕಣ್ಣಿದೆ ಎಂದು ಅವರಿಗೆ ಗೊತ್ತಿತ್ತು.

ಬಲೆ ಎಂಬ ಮಾತು ನಾನು ಬೇಕೆಂದೇ ಬಳಸಿದೆ. ಮತಾಂತರವೇ ತಮ್ಮ ಗುರಿ ಎಂಬುದನ್ನು ಡಫ್ ಮುಚ್ಚಿಡಲಿಲ್ಲ. ಉಳಿದ ಮಿಷನರಿಗಳು ಒಬ್ಬೊಬ್ಬರನ್ನೇ ಸೆಳೆಯುತ್ತಿರಲಿ, ತಾವು ಮಾತ್ರ ಇಡೀ ಹಿಂದೂ ವ್ಯವಸ್ಥೆಯ ತಳಕ್ಕೆ ಮದ್ದು ತುಂಬುತ್ತೇವೆ, ಅದು ಒಂದು ದಿನ ಸಿಡಿಯುತ್ತದೆ ಎಂಬರ್ಥದಲ್ಲಿ ಅವರೇ ಬರೆದಿದ್ದಾರೆ. ಆ ಮದ್ದು ಎಂದರೆ ಇಂಗ್ಲಿಷ್ ಮತ್ತು ವಿಜ್ಞಾನ. ಹಿಂದೂ ಧರ್ಮದ ಬಗ್ಗೆ ಅವರ ಬರಹದ ಭಾಷೆ ಇಂದು ಓದಿದರೂ ಮೈ ಉರಿಸುತ್ತದೆ.

ಈ ಮದ್ದು ತರಗತಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅವರೇ ಒಂದು ಪ್ರಸಂಗ ಹೇಳುತ್ತಾರೆ. ಮಳೆ ಎಲ್ಲಿಂದ ಬರುತ್ತದೆ ಎಂದು ಕೇಳಿದರಂತೆ. ಇಂದ್ರನ ಆನೆಯ ಸೊಂಡಿಲಿನಿಂದ, ನಮ್ಮ ಗುರುಗಳು ಹೇಳಿದ್ದಾರೆ ಎಂದು ಒಬ್ಬ ಹುಡುಗನ ಉತ್ತರ. ಡಫ್ ಅಲ್ಲಗಳೆಯಲಿಲ್ಲ. ಮನೆಯಲ್ಲಿ ಅನ್ನ ಬೇಯುವಾಗ ಏನು ಏಳುತ್ತದೆ? ಹಬೆ. ಮುಚ್ಚಳಕ್ಕೆ ತಾಗಿದರೆ? ಹನಿಯಾಗಿ ಬೀಳುತ್ತದೆ. ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೆ ಹುಡುಗನೇ, ಇದು ನಿಜವಾದರೆ ನಮ್ಮ ಶಾಸ್ತ್ರದ ಗತಿಯೇನು ಎಂದು ಉದ್ಗರಿಸಿದನಂತೆ. ಮೇಷ್ಟರ ಕಣ್ಣಿನಿಂದ ನೋಡಿದರೆ ಇದು ಒಳ್ಳೆಯ ಪಾಠ. ಬಾಯಿಪಾಠದ ಕಾಲದಲ್ಲಿ ಮಗುವಿಗೆ ಗೊತ್ತಿರುವುದರಿಂದಲೇ ಗೊತ್ತಿಲ್ಲದ್ದಕ್ಕೆ ಕೈಹಿಡಿದು ಒಯ್ಯುವ ಕಲೆ ಅವರಿಗಿತ್ತು. ಆದರೆ ಈ ಕಥೆ ಬಂದಿರುವುದು ಸ್ಕಾಟ್ಲೆಂಡಿನ ದಾನಿಗಳು ಓದಲೆಂದು ಅವರೇ ಬರೆದ ಪುಸ್ತಕದಲ್ಲಿ. ಹುಡುಗ ಅಷ್ಟು ಚೊಕ್ಕವಾಗಿ ಉದ್ಗರಿಸಿದನೋ ಇಲ್ಲವೋ, ಓದುವಾಗ ಆ ಎಚ್ಚರ ಇರಲಿ.

ಇಲ್ಲೇ ಅವರ ಸಿದ್ಧಾಂತದ ಸೀಳು ಇರುವುದು. ಹಬೆಯ ಪಾಠ ಕಲಿತ ಹುಡುಗ ಇಂದ್ರನ ಆನೆಯನ್ನು ಪ್ರಶ್ನಿಸುವುದನ್ನು ಕಲಿತ. ಅದೇ ಪ್ರಶ್ನೆಯನ್ನು ಬೈಬಲಿಗೆ ಯಾಕೆ ಹಾಕಬಾರದು? ಹಿಂದೂ ಕಾಲೇಜಿನಲ್ಲಿ ಡಿರೋಜಿಯೋ ಎಂಬ ಎಳೆಯ ಶಿಕ್ಷಕನ ಶಿಷ್ಯರು ಆಗಲೇ ಎಲ್ಲ ದೇವರನ್ನೂ ಕಟಕಟೆಗೆ ಹತ್ತಿಸಿದ್ದರು. ಆ ಗುಂಪಿನಿಂದಲೇ ಬಂದ ಕೃಷ್ಣಮೋಹನ ಬ್ಯಾನರ್ಜಿಗೆ 1832ರ ಅಕ್ಟೋಬರ್‌ನಲ್ಲಿ ಡಫ್ ದೀಕ್ಷಾಸ್ನಾನ ಕೊಟ್ಟರು. ಕೃಷ್ಣಮೋಹನರ ಗೆಳೆಯರು ಅವರಿಲ್ಲದ ಹೊತ್ತಿನಲ್ಲಿ ಪಕ್ಕದ ಮನೆಗೆ ದನದ ಮಾಂಸ ಎಸೆದು, ಆ ರಾದ್ಧಾಂತದಲ್ಲಿ ಅವರು ಮನೆ ಬಿಡಬೇಕಾಗಿ ಬಂದದ್ದು ಅದರ ಹಿಂದಿನ ವರ್ಷ. ಹೀಗಾಗಿ ಈ ಮತಾಂತರಕ್ಕೆ ಡಫ್ ಉಪನ್ಯಾಸಗಳು ಎಷ್ಟು ಕಾರಣವೋ, ಮನೆಯಿಂದ ಹೊರಬಿದ್ದ ಯುವಕನ ಒಂಟಿತನವೂ ಅಷ್ಟೇ ಕಾರಣ ಎಂದು ನನಗನಿಸುತ್ತದೆ. ಮುಂದೆ ಅವರು ಡಫ್ ಚರ್ಚನ್ನು ಬಿಟ್ಟು ಆಂಗ್ಲಿಕನ್ ಚರ್ಚು ಸೇರಿದರು, ಬಂಗಾಳಿಯಲ್ಲಿ ‘ವಿದ್ಯಾಕಲ್ಪದ್ರುಮ’ ಎಂಬ ವಿಶ್ವಕೋಶ ಕಟ್ಟಿದರು. ಡಫ್ ಕಾಲದುದ್ದಕ್ಕೂ ದೀಕ್ಷಾಸ್ನಾನ ಪಡೆದವರು ಹತ್ತಾರು ಮಂದಿ, ಓದಿ ಹೊರಬಿದ್ದವರು ಸಾವಿರಾರು. ಸರಕಾರಿ ಕೆಲಸ, ವಕೀಲಿ, ಮೇಷ್ಟರಿಕೆ ಹಿಡಿದು ಹಿಂದೂಗಳಾಗಿಯೇ ಉಳಿದ ಆ ಸಾವಿರಾರು ಜನ ಬೇಕಾದದ್ದನ್ನು ಎತ್ತಿಕೊಂಡು ಬೇಡದ್ದನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದರು.

ಹಾಗಿದ್ದರೂ ಆ ಹತ್ತಾರರ ಹಿಂದೆ ಒಡೆದ ಮನೆಗಳಿದ್ದವು. 1845ರ ಉಮೇಶಚಂದ್ರ ಸರಕಾರ್ ಪ್ರಕರಣವನ್ನು ಮಗಳು ಬಿಡಲೇಬಾರದು. ಎಳೆ ವಯಸ್ಸಿನ ಈ ಹುಡುಗ ಬಾಲ್ಯವಿವಾಹದ ತನ್ನ ಹೆಂಡತಿಯೊಡನೆ ಮನೆಬಿಟ್ಟು ಡಫ್ ಮನೆ ಸೇರಿದ. ಮನೆಯವರು ಕಲ್ಕತ್ತಾದ ಆಗಿನ ಸುಪ್ರೀಂ ಕೋರ್ಟಿಗೆ ಹೋದರು, ಸೋತರು. ಮತ್ತೊಮ್ಮೆ ಮನವಿ ಹಾಕುತ್ತೇವೆ, ಅಲ್ಲಿಯವರೆಗೆ ತಡೆಯಿರಿ ಎಂದು ಬೇಡಿಕೊಂಡರು. ಡಫ್ ತಡೆಯಲಿಲ್ಲ, ದೀಕ್ಷಾಸ್ನಾನ ಕೊಟ್ಟೇಬಿಟ್ಟರು. ದೇವೇಂದ್ರನಾಥ ಠಾಕೂರರು ಕೆರಳಿದರು. ಬ್ರಹ್ಮ ಸಮಾಜದ ಅವರೂ ಸಂಪ್ರದಾಯಸ್ಥರ ಮುಖಂಡ ರಾಧಾಕಾಂತ ದೇವರೂ ಹಳೆಯ ಜಗಳ ಬದಿಗಿಟ್ಟು ಕೈಜೋಡಿಸಿದರು. ಮಿಷನ್ ಶಾಲೆಗೆ ಎದುರಾಗಿ ಹಿಂದೂ ಮಕ್ಕಳಿಗೆ ಉಚಿತ ಶಾಲೆಯೊಂದು 1846ರಲ್ಲಿ ಶುರುವಾಯಿತು. ಅದರ ಹಣ ಇಟ್ಟಿದ್ದ ಯೂನಿಯನ್ ಬ್ಯಾಂಕ್ ಮುಳುಗಿ ಶಾಲೆ ಬಾಳಲಿಲ್ಲ. ಆದರೆ ಮಿಷನರಿಗಳನ್ನು ಬಯ್ಯುತ್ತ ಕೂರದೆ ನಮ್ಮದೇ ಶಾಲೆ ಕಟ್ಟೋಣ ಎಂಬ ಹಟ ನಿಂತಿತು. ಮಗುವಿನ ನಿರ್ಧಾರ ಎಲ್ಲಿಯವರೆಗೆ ಸ್ವಂತದ್ದು, ಎಲ್ಲಿಂದ ಮೇಷ್ಟರ ಪ್ರಭಾವ ಎಂಬ ಪ್ರಶ್ನೆ ಬಿ.ಎಡ್. ವಿದ್ಯಾರ್ಥಿನಿಗೆ ಹಡಗು ಒಡೆದ ಕಥೆಗಿಂತ ಹೆಚ್ಚು ಬೇಕಾದದ್ದು. ಈ ಪ್ರಕರಣದಲ್ಲಿ ಡಫ್ ನಡೆದುಕೊಂಡ ರೀತಿಯನ್ನು ನಾನು ಸಮರ್ಥಿಸಲಾರೆ.

ಇನ್ನೊಂದು ಸಂಗತಿ ನಿಮಗೆ, ಶಿಕ್ಷಕಿಯಾಗಿ, ಆಸಕ್ತಿ ಹುಟ್ಟಿಸಬಹುದು. ನಮ್ಮಲ್ಲಿ ಅನುದಾನಿತ ಶಾಲೆ ಎನ್ನುತ್ತೇವಲ್ಲ, ಖಾಸಗಿ ಆಡಳಿತ, ಸರಕಾರದ ಹಣ, ಇನ್‌ಸ್ಪೆಕ್ಟರರ ತಪಾಸಣೆ, ಆ ಏರ್ಪಾಡಿನ ಬೇರು 1854ರ ವುಡ್ ಅವರ ಶಿಕ್ಷಣ ಆದೇಶದಲ್ಲಿದೆ. ಅದಕ್ಕೆ ಹಿಂದಿನ ವರ್ಷ ಸಂಸದೀಯ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದವರಲ್ಲಿ ಡಫ್ ಇದ್ದರು. ಸರಕಾರ ಶಾಲೆಯ ಲೌಕಿಕ ಪಾಠಗಳನ್ನಷ್ಟೇ ನೋಡಿ ಹಣ ಕೊಡಲಿ, ಧರ್ಮಬೋಧೆಯ ಗೊಡವೆಗೆ ಹೋಗದಿರಲಿ ಎಂಬ ನಿಯಮದಿಂದ ಮಿಷನ್ ಶಾಲೆಗಳಿಗೆ ಲಾಭವಾಯಿತು. ಅದೇ ಬಾಗಿಲಿನಿಂದ ಮುಂದೆ ಹಿಂದೂ, ಮುಸ್ಲಿಂ ಸಂಸ್ಥೆಗಳೂ ಒಳಬಂದವು. ಆದೇಶವನ್ನೇ ಡಫ್ ಬರೆದರು ಎಂಬಂತೆ ಅವರ ಅಭಿಮಾನಿಗಳು ಹೇಳುವುದು ಅತಿಯಾಯಿತು. ಹಲವರ ದನಿಯಲ್ಲಿ ಅವರದೂ ಒಂದು.

ಈಗ ನಿಮ್ಮ ಮಗಳ ಪ್ರಶ್ನೆ. ಧರ್ಮ ಬಿಟ್ಟು ಬರೆಯಬಹುದೇ? ಬರೆಯಬಹುದು, ಅಂಕವೂ ಬರಬಹುದು. ಆದರೆ ಪ್ರಶ್ನೋತ್ತರದ ಹೊತ್ತಿಗೆ ಯಾರಾದರೂ ಉಮೇಶಚಂದ್ರನ ಹೆಸರೆತ್ತಿದರೆ ಇಡೀ ಪ್ರಬಂಧ ಕುಸಿಯುತ್ತದೆ. ಶಾಲೆ ಯಾಕೆ ಹುಟ್ಟಿತು ಎಂಬುದಕ್ಕೇ ಅದರಲ್ಲಿ ಉತ್ತರ ಇರುವುದಿಲ್ಲ. ಬಂಧುಗಳು ಮೆಚ್ಚುವಂತೆ ಮತಾಂತರದ ಕಥೆಯನ್ನಷ್ಟೇ ಬರೆದರೆ ರಾಮಮೋಹನ ರಾಯರು ಅಲ್ಲೇನು ಮಾಡುತ್ತಿದ್ದರು, ತಂದೆತಾಯಿಗಳು ಯಾಕೆ ಸಾಲುಗಟ್ಟಿದರು ಎಂಬುದಕ್ಕೆ ಉತ್ತರವಿಲ್ಲ. ಆಗ ನಮ್ಮ ಹಿರಿಯರೆಲ್ಲ ಮೋಸಹೋದ ಮುಗ್ಧರು ಎಂದಂತಾಗುತ್ತದೆ, ಅವರು ಹಾಗಿರಲಿಲ್ಲ. ನಾನು ಆರಿಸುವುದು ಮೂರನೆಯ ದಾರಿ: ಡಫ್ ಬದುಕನ್ನು ಅವರ ವಿದ್ಯಾರ್ಥಿಗಳು ಮತ್ತು ಅವರ ಪ್ರಭಾವಕ್ಕೆ ಸಿಕ್ಕ ಯುವಕರ ಮೂಲಕ ಹೇಳುವುದು. ಕೃಷ್ಣಮೋಹನ, ಉಮೇಶಚಂದ್ರ, ಲಾಲ್ ಬಿಹಾರಿ ಡೇ. ಈ ಡೇ ಬರ್ದ್ವಾನ್ ಸೀಮೆಯ ಹಳ್ಳಿಯಿಂದ ಬಂದು ಡಫ್ ಶಾಲೆಯಲ್ಲಿ ಓದಿ, 1843ರಲ್ಲಿ ಕ್ರೈಸ್ತರಾಗಿ, ಮುಂದೆ ಬಂಗಾಳದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿಕೊಟ್ಟವರು. ಭಾರತೀಯ ಪಾದ್ರಿಗಳಿಗೂ ಸ್ಕಾಟಿಷ್ ಮಿಷನರಿಗಳಷ್ಟೇ ಸ್ಥಾನ ಬೇಕು ಎಂದು ಕೇಳಿದವರೂ ಅವರೇ. ಡಫ್ ಒಪ್ಪಲಿಲ್ಲ. ಆದರೂ ಗುರು ತೀರಿಕೊಂಡ ಮೇಲೆ ಪ್ರೀತಿಯಿಂದಲೇ ನೆನಪುಗಳನ್ನು ಬರೆದರು. ಸಮಾನತೆಯನ್ನು ಪಾಠವಾಗಿ ಕಲಿಸಿ ಕಚೇರಿಯಲ್ಲಿ ಕೊಡದ ಮೇಷ್ಟರನ್ನು ಇದಕ್ಕಿಂತ ಹತ್ತಿರದಿಂದ ಕಂಡವರಿಲ್ಲ.

ಈ ದಾರಿಯಲ್ಲೂ ಅಪಾಯವಿದೆ. ಬರೆದಿಟ್ಟವರಲ್ಲಿ ಮತಾಂತರಗೊಂಡವರದೇ ಮೇಲುಗೈ, ಸುಮ್ಮನೆ ಓದಿ ಹೋದವರು ಹೆಚ್ಚು ಬರೆದಿಲ್ಲ. 1879ರಲ್ಲಿ ಜಾರ್ಜ್ ಸ್ಮಿತ್ ಬರೆದ ಎರಡು ಸಂಪುಟಗಳ ಜೀವನಚರಿತ್ರೆ ವಿವರಗಳ ಗಣಿ, ಆದರೆ ಭಕ್ತಿಯಿಂದ ಬರೆದದ್ದು. ಉಮೇಶಚಂದ್ರನ ಪ್ರಸಂಗಕ್ಕೆ ದೇವೇಂದ್ರನಾಥರ ಆತ್ಮಕಥೆಯನ್ನು ಅದರ ಪಕ್ಕದಲ್ಲಿಟ್ಟು ಓದಿದರೆ ಎರಡು ಬೇರೆ ಬೇರೆ ಮನುಷ್ಯರ ಬಗ್ಗೆ ಓದಿದಂತಾಗುತ್ತದೆ. ಆ ವ್ಯತ್ಯಾಸವನ್ನೇ ಸೆಮಿನಾರಿನಲ್ಲಿ ತೋರಿಸಲಿ.

ಬಾಸೆಲ್ ಮಿಷನ್ ಬೇರೆಯೇ. ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನದು, ಅದರ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನ್ನರು. ಗುರಿ ಅವರದೂ ಮತಪ್ರಚಾರವೇ, ಆದರೆ ಹಿಡಿದದ್ದು ಜನರ ಭಾಷೆಯ ದಾರಿ. ಹಾಗಾಗಿಯೇ ನಮಗೆ 1843ರಲ್ಲಿ ಮೋಗ್ಲಿಂಗ್ ಅವರ ಮಂಗಳೂರ ಸಮಾಚಾರ, 1894ರಲ್ಲಿ ಕಿಟೆಲ್ ನಿಘಂಟು ಸಿಕ್ಕಿತು. ಡಫ್ ಬಂಗಾಳಿ ಕಲಿತರು, ಶಾಲೆಯಲ್ಲಿ ಬಂಗಾಳಿಯನ್ನು ಕಲಿಸಿದರು ಕೂಡ, ಆದರೆ ಉನ್ನತ ವಿದ್ಯೆ ಇಂಗ್ಲಿಷಿನಲ್ಲೇ ಎಂಬ ಹಟ ಬಿಡಲಿಲ್ಲ. ಮೈಸೂರು ಸೀಮೆಯ ವೆಸ್ಲಿಯನ್ನರು ಮೆಥಡಿಸ್ಟರು, ಬಳ್ಳಾರಿಯ ಲಂಡನ್ ಮಿಷನ್ ಮತ್ತೊಂದು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚು ಮಾತ್ರ ಡಫ್ ಅವರ ಸ್ಕಾಟಿಷ್ ಪರಂಪರೆಯದೇ. ಮದರಾಸು ಕ್ರಿಶ್ಚಿಯನ್ ಕಾಲೇಜಿನ ಮೂಲವೂ ಅದೇ ಸ್ಕಾಟಿಷ್ ಮಿಷನ್ನು 1837ರಲ್ಲಿ ತೆರೆದ ಶಾಲೆ.

ಕೊನೆಯದಾಗಿ ಕಾಲೇಜಿನ ವಿಷಯ. ಇದರಲ್ಲಿ ಗೊಂದಲ ಸಹಜ, ಯಾಕೆಂದರೆ ಡಫ್ ಕಟ್ಟಿದ್ದು ಒಂದಲ್ಲ, ಎರಡು. ಜಮೀನುದಾರರು ಸಭೆಗೆ ಪಾದ್ರಿಯನ್ನು ನೇಮಿಸುವ ಹಕ್ಕಿನ ಜಗಳದಲ್ಲಿ 1843ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಚರ್ಚು ಇಬ್ಭಾಗವಾಯಿತು. ನಾನೂರೈವತ್ತಕ್ಕೂ ಹೆಚ್ಚು ಪಾದ್ರಿಗಳು ಸಂಬಳ, ಮನೆ ಬಿಟ್ಟು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಸಾವಿರಾರು ಮೈಲಿ ದೂರದ ಈ ಜಗಳದಲ್ಲಿ ಡಫ್ ಹೊರನಡೆದವರ ಪಕ್ಷ ಹಿಡಿದರು. ತಾವೇ ಕಟ್ಟಿದ ಕಟ್ಟಡ, ಪುಸ್ತಕ, ಪ್ರಯೋಗದ ಸಲಕರಣೆ ಎಲ್ಲವನ್ನೂ ಹಳೆಯ ಚರ್ಚಿಗೆ ಬಿಟ್ಟುಕೊಟ್ಟು ನಿಮತಲಾದಲ್ಲಿ ಬಾಡಿಗೆ ಮನೆ ಹಿಡಿದು ಮೊದಲಿನಿಂದ ಶುರು ಮಾಡಿದರು. ಅವರು ಬಿಟ್ಟುಬಂದ ಹಳೆಯ ಶಾಲೆ, ಅಂದರೆ ಜನರಲ್ ಅಸೆಂಬ್ಲಿ ಸಂಸ್ಥೆಯೂ 1846ರಲ್ಲಿ ಮತ್ತೆ ತೆರೆಯಿತು. ನರೇಂದ್ರನಾಥ ದತ್ತ, ಅಂದರೆ ಮುಂದಿನ ಸ್ವಾಮಿ ವಿವೇಕಾನಂದರು ಬಿ.ಎ. ಓದಿದ್ದು ಈ ಹಳೆಯದರಲ್ಲಿ, ಡಫ್ ಭಾರತ ಬಿಟ್ಟು ಬಹಳ ವರ್ಷಗಳ ಮೇಲೆ. ಡಫ್ 1878ರ ಫೆಬ್ರವರಿ 12ರಂದು ಇಂಗ್ಲೆಂಡಿನ ಸಿಡ್ಮತ್‌ನಲ್ಲಿ ತೀರಿಕೊಂಡರು. ಎರಡೂ ಕಾಲೇಜುಗಳು 1908ರಲ್ಲಿ ಕೂಡಿಕೊಂಡವು. ಕೋಲ್ಕತ್ತಾದಲ್ಲಿ ಇಂದಿಗೂ ನಡೆಯುತ್ತಿರುವ ಸ್ಕಾಟಿಷ್ ಚರ್ಚ್ ಕಾಲೇಜು ಅದೇ, ಮತ್ತು ಅದು ತನ್ನ ಹುಟ್ಟುದಿನವೆಂದು ಲೆಕ್ಕ ಹಿಡಿಯುವುದು 1830ರ ಜುಲೈ 13ನ್ನು. ಮಗಳ ಪ್ರಬಂಧದಲ್ಲಿ ಸ್ಥಾಪನೆಯ ವರ್ಷ 1830, ಈಗಿನ ಹೆಸರು ಮತ್ತು ರೂಪ ಬಂದದ್ದು ವಿಲೀನದ ನಂತರ ಎಂದು ಎರಡನ್ನೂ ಬರೆಯಲಿ.